ಬೆವರಿದ ಕಲ್ಲು

ಸುಬ್ಬಯ್ಯಣ್ಣ,

ನೀವು ತೀರಿಕೊಂಡು ಆರು ತಿಂಗಳಾದ ಮೇಲೆ, ಇವತ್ತು ಸೀತೂರಿನ ಗ್ರಾಮಸಭೆಯಲ್ಲಿ ನಿಮ್ಮ ಗುಡ್ಡ ಉಳಿಯಿತು. ಮೂವತ್ತು ವರ್ಷ ಜಂಬಿಟ್ಟಿಗೆ ಕಲ್ಲು ಕಡಿದು ನೀವು ಅರ್ಧಕ್ಕೇ ಬಿಟ್ಟ ಗುಡ್ಡಕ್ಕೆ ಯಾರೋ ಯಂತ್ರ ತರಲು ಹೊರಟಿದ್ದರು.

ನಾನು ಎದ್ದುನಿಂತು ‘ಭೂವೈವಿಧ್ಯ ಸಂರಕ್ಷಣೆ’ ಎಂದು ಶುರುಮಾಡಿದೆ.

“ಅದೆಂತ ಮಾರಾಯ್ತಿ, ಹೊಸ ಗೊಬ್ಬರವಾ?” ಎಂದು ಹಿಂದಿನಿಂದ ಒಬ್ಬರು ಕೇಳಿದರು. ಸಭೆಯೆಲ್ಲ ನಕ್ಕಿತು.

ಕರಪತ್ರದ ಭಾಷೆ ಬಿಟ್ಟೆ. ನಿಮ್ಮ ಮಾತನ್ನೇ ಹೇಳಿದೆ: “ಬೆವರಿದ ಕಲ್ಲಿಗೆ ಪಿಕಾಸಿ ಹಾಕಬಾರದು, ಅದರ ಹಿಂದೆ ನೀರು ಕೂತಿರ್ತದೆ.” ನಗು ನಿಂತಿತು. ಗುಡ್ಡದ ಕೆಳಗಿನ ಬಾವಿಗಳು ಬೇಸಿಗೆಯಲ್ಲೂ ಬತ್ತುವುದಿಲ್ಲವೆಂದು ಎಲ್ಲರಿಗೂ ಗೊತ್ತು.

“ನಮ್ಮೋರು ಬಿಟ್ಟ ಕಲ್ಲು ಯಾರೂ ಮುಟ್ಟಬಾರದು ಅಂತ ಬರ್ಕೊಳಿ,” ಎಂದರು ನಿಮ್ಮ ಹೆಂಡತಿ ವೆಂಕಮ್ಮ. ಕಾರ್ಯದರ್ಶಿ ಹಾಗೆಯೇ ಬರೆದುಕೊಂಡರು.

ಕಲ್ಲನ್ನು ಓದಲು ಕಲಿಸಿದ ನಿಮಗೆ ನಾನು ಋಣಿ.

ಸಭೆ ಮುಗಿದ ಮೇಲೆ ವೆಂಕಮ್ಮ ಒಂದು ಮಡಿಸಿದ ಕಾಗದ ಕೊಟ್ಟರು. ನಿಮ್ಮ ಪರಿಚಯವಾಗುವ ಮೊದಲು, 2004ರಲ್ಲಿ, ನಾನು ಕೊಪ್ಪದಲ್ಲಿ ಅಚ್ಚು ಹಾಕಿಸಿ ಹಂಚಿದ ಕರಪತ್ರ: ‘ಗುಡ್ಡಗಳ್ಳ ಸುಬ್ಬಯ್ಯನನ್ನು ತಡೆಯಿರಿ!’ ಸ್ವಂತ ಹೆಸರು ಬಿಟ್ಟರೆ ಬೇರೆ ಅಕ್ಷರ ಓದಲು ಬಾರದ ನೀವು, ಹೆಸರು ಅಚ್ಚಾಗಿದೆ ಎಂಬ ಹೆಮ್ಮೆಗೆ ಅದನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದಿರಂತೆ.

“ಎಂತ ಬರ್ದಿದೀಯ ತಂಗಿ? ಒಂದ್ಸಲ ಓದಿ ಹೇಳು,” ಎಂದರು ವೆಂಕಮ್ಮ.

ಕಾಗದ ಬಿಡಿಸಿ ಹಿಡಿದುಕೊಂಡು, “ಬೆವರಿದ ಕಲ್ಲಿಗೆ ಪಿಕಾಸಿ ಹಾಕದವರು ಸುಬ್ಬಯ್ಯ,” ಎಂದು ಓದಿದೆ.