ಬಾಗಿಲ ಬೆಳಕು

ಮಾರ್ಚ್ 3
ಹದಿನಾಲ್ಕು ಡಬ್ಬಿ ಪೇಂಟ್ ಬೆರೆಸಿದೆ. ಒಬ್ಬ ಗಿರಾಕಿ ಕೆನೆಬಣ್ಣ ವಾಪಸ್ ತಂದ, ಶೇಡ್ ಬೇರೆಯಂತೆ. ಬಲ್ಬಿನ ಕೆಳಗೆ ನೋಡಿದ್ದಾನೆ, ಪುಣ್ಯಾತ್ಮ. ಅಂಗಡಿ ಬಾಗಿಲಿಗೆ ಕರೆದೊಯ್ದು ಹಗಲು ಬೆಳಕಿನಲ್ಲಿ ಬಣ್ಣದ ಮಾದರಿಗಳಿರುವ ಶೇಡ್ ಕಾರ್ಡ್ ಪಕ್ಕ ಡಬ್ಬಿ ಹಿಡಿದು ತೋರಿಸಿದೆ. ತೆಪ್ಪಗೆ ಹೋದ.
ನಾಡಿದ್ದು ಐದನೇ ಕೀಮೋ. ಆಮೇಲೆ ಒಂದೇ. ಎದೆಯ ಗಡ್ಡೆ ಅರ್ಧ ಕರಗಿದೆ.

ಮಾರ್ಚ್ 5
ಕೀಮೋ ಇಲ್ಲ. ಔಷಧಿ ಲಿವರಿಗೆ ಏಟು ಕೊಟ್ಟಿದೆಯಂತೆ. ರಕ್ತಪರೀಕ್ಷೆಯಲ್ಲಿ ನಲವತ್ತರೊಳಗಿರಬೇಕಾದ ಲಿವರಿನ ಅಂಕಿ ಇನ್ನೂರ ಹನ್ನೆರಡು.
"ಎರಡು ವಾರ ನಿಲ್ಲಿಸಿ ನೋಡೋಣಮ್ಮ," ಎಂದರು ಡಾಕ್ಟರ್.
"ಗಡ್ಡೇನೂ ಎರಡು ವಾರ ನಿಲ್ಲುತ್ತಾ?"
ಅವರು ಕಂಪ್ಯೂಟರ್ ಕಡೆ ತಿರುಗಿದರು. ಮೈಯೆಲ್ಲ ಉರಿದುಹೋಯಿತು. ರೋಗ ಎದೆಯದು, ಶಿಕ್ಷೆ ಲಿವರಿಗೆ, ಕಾಯಬೇಕಾದವಳು ನಾನು.

ಮಾರ್ಚ್ 19
ಅಂಕಿ ಇಳಿದಿದೆ. ಐದನೆಯದು ಕೊಟ್ಟರು — ಡೋಸ್ ಕಡಿಮೆ ಮಾಡಿ. ತಂಗಿ ರಜೆ ಹಾಕಿ ಪಕ್ಕದಲ್ಲೇ ಕುಳಿತಿದ್ದಳು. ಕೊನೆಯದು ಏಪ್ರಿಲ್ 9. ಏನೇ ಆಗಲಿ, ಆ ದಿನ ತಪ್ಪಿಸುವುದಿಲ್ಲ.

ಮಾರ್ಚ್ 26
ಮೈಯೆಲ್ಲ ತುರಿಕೆ. ಮೂತ್ರ ಕರಿ ಚಹಾದ ಬಣ್ಣ. ಇಂಥದ್ದೇನಾದರೂ ಇದೆಯಾ ಎಂದು ಕೇಳಲು ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದಳು. ಏನೂ ಇಲ್ಲ ಎಂದೆ. ಹೌದೆಂದರೆ ಮತ್ತೆ ಮುಂದೂಡುತ್ತಾರೆ. ಸಾಕಾಗಿಹೋಗಿದೆ ಇವರ ಮುಂದೂಡಾಟ.

ಏಪ್ರಿಲ್ 2, ಬೆಳಿಗ್ಗೆ
"ಅಕ್ಕಾ, ನಿನ್ನ ಕಣ್ಣು ಹಳದಿ ಆಗಿದೆ."
"ಬಚ್ಚಲ ಬಲ್ಬು ಹಳದಿ ಕಣೇ. ಸುಮ್ನಿರು."
ವಾರದಿಂದ ಆ ಬಲ್ಬಿನ ಕೆಳಗಷ್ಟೇ ಕನ್ನಡಿ ನೋಡಿಕೊಳ್ಳುತ್ತಿದ್ದೇನೆ. ಬೇಕೆಂದೇ.
ತಂಗಿ ವಾದಕ್ಕಿಳಿಯಲಿಲ್ಲ. ನನ್ನ ಚೀಲದಿಂದ ಶೇಡ್ ಕಾರ್ಡ್ ತೆಗೆದಳು, ಕೈಗನ್ನಡಿ ತಂದಳು, ತೋಳು ಹಿಡಿದು ಬೀದಿ ಬಾಗಿಲಿಗೆ ಎಳೆದೊಯ್ದಳು.
"ಊರಿಗೆಲ್ಲ ಪಾಠ ಹೇಳ್ತೀಯಲ್ಲ. ಈಗ ನೀನೇ ನೋಡು."
ನೋಡಿದೆ. ಕಾರ್ಡಿನ ಅಗತ್ಯವೇ ಇರಲಿಲ್ಲ. ಆದರೂ ಹಿಡಿದೆ... ಅಭ್ಯಾಸ. ಮೂರನೇ ಸಾಲಿನ ಎರಡನೇ ಹಳದಿ, ನನ್ನ ಕಣ್ಣಿನದೇ ಬಣ್ಣ. ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ಸಿಟ್ಟು ಬಂತು.

ಹನ್ನೊಂದು ಗಂಟೆ
ಆಸ್ಪತ್ರೆಗೆ ಹೊರಟಿದ್ದೇವೆ. ಫೋನ್ ಮಾಡಿ ಕಣ್ಣಿನ ವಿಷಯ ಹೇಳಿದ್ದಕ್ಕೆ, ಅಡ್ಮಿಟ್ ಆಗುವ ತಯಾರಿಯಲ್ಲೇ ಬರಬೇಕಂತೆ. ಆರನೇ ಕೀಮೋ ಬಗ್ಗೆಯೂ ಕೇಳಿದೆ, ಬಂದ ಮೇಲೆ ಮಾತಾಡೋಣ ಎಂದರು. ಯಾವ ದಿನ ಏನಾಯಿತು ಎಂದು ಬರೆದು ತರಬೇಕಂತೆ.
"ನಿನ್ನ ಈ ಪುಸ್ತಕಾನೇ ತಗೊಂಡು ಹೋಗೋಣ," ಎಂದು ತಂಗಿ ಕೈ ಚಾಚಿ ನಿಂತಿದ್ದಾಳೆ.
ಇಪ್ಪತ್ತಾರನೇ ತಾರೀಖಿನ ಹಾಳೆ ಹರಿಯಲು ಕೈ ಹೋಯಿತು. ಹರಿಯಲಿಲ್ಲ. ಅವಳು ಓದುವ ಮೊದಲು ನಾನೇ ಹೇಳಿಬಿಡಬೇಕು, ಆ ದಿನ ನರ್ಸಿಗೆ ಸುಳ್ಳು ಹೇಳಿದ್ದನ್ನು —