ಕೊನೆ ನುಡಿ ಬರೆಯದ ತಪ್ಪಿಗೆ

ರತ್ನಕ್ಕನಿಗೆ,

ಅಕ್ಷರ ಸೊಟ್ಟಗಿವೆ, ಕಾಗುಣಿತ ತಪ್ಪಿರುತ್ತದೆ, ಹೊಟ್ಟೆಗೆ ಹಾಕಿಕೋ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಕೈಲಿ ಮೂವತ್ತೊಂದು ದೇವರ ಪದ ಬರೆಸಿದವಳು ನೀನೇ ತಾನೇ? ಹಾಗಾಗಿ ನನ್ನನ್ನು ಬೈಯಬೇಡ. ಇವತ್ತು ಬೈಯುವವಳು ನಾನು.

ನೀನು ಮೊದಲ ಪದ ಬರೆಸಿದ ದಿನ ನೆನಪಿದೆಯಾ? ನೂಲು ತೆಗೆಯುವ ಶೆಡ್ಡಿನಲ್ಲಿ ನಿನ್ನ ಪಕ್ಕಕ್ಕೇ ನಾನು. ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆಗೂಡಿನ ಎಳೆ ಹುಡುಕುತ್ತಾ ನೀನು ಬಾಯಲ್ಲೇ ದೇವರ ಪದ ಕಟ್ಟುತ್ತಿದ್ದೆ. ಕೀಲುವಾತಕ್ಕೆ ಬೆರಳು ಆಗಲೇ ಬಾಗಿದ್ದವು. ಎಳೆ ಹೇಗೋ ಸಿಗುತ್ತಿತ್ತು, ಪೆನ್ನು ಮಾತ್ರ ಬೆರಳಲ್ಲಿ ನಿಲ್ಲುತ್ತಿರಲಿಲ್ಲ.

"ಏನೇ ಭಾಗ್ಯ, ನಿಂಗೆ ಬರೆಯಕ್ಕೆ ಬತ್ತದೇನೇ?"

"ಒಸಿ ಬತ್ತದೆ ಕಣಕ್ಕ."

"ಒಸಿ ಸಾಕು ಬುಡು. ನಾನೇನು ಕೋರ್ಟು ಕಾಗ್ದ ಬರೆಸ್ತಾ ಇಲ್ಲ."

ಊಟದ ಹೊತ್ತಿನಲ್ಲಿ ನೀನು ಹೇಳುವುದು, ನಾನು ನೋಟ್ ಪುಸ್ತಕದಲ್ಲಿ ಬರೆಯುವುದು. ನೂರು ಪದ ಆಗಬೇಕು, ಪುಸ್ತಕ ಆಗಬೇಕು, ಮೇಲೆ ನಿನ್ನ ಹೆಸರಿರಬೇಕು. ಅಷ್ಟೇ ನಿನ್ನ ಆಸೆ. ಅದಕ್ಕೆ ನೀನು ಮಾಡಿದ್ದೇನು? ಮಾತ್ರೆ ನುಂಗುವುದನ್ನೇ ಬಿಟ್ಟೆ. "ನುಂಗುದ್ರೆ ತೂಕಡಿಕೆ ಬತ್ತದೆ, ಪದ ಬರಲ್ಲ" ಎಂದೆ. ನೀರಿನ ಕೆಲಸ ಬಿಡು ಎಂದು ಡಾಕ್ಟರು ಹೇಳಿದ್ದನ್ನು ನನ್ನಿಂದಲೂ ಮುಚ್ಚಿಟ್ಟೆ. ಕಾಯಿಲೆ ಎದೆಗೆ ಇಳಿಯಿತು. ನೂರು ಪದದ ಆಸೆಯಲ್ಲಿ ಮೂವತ್ತೊಂದಕ್ಕೇ ಹೋದೆಯಲ್ಲ, ಯಾವ ಲೆಕ್ಕ ಅಕ್ಕ ಇದು?

ಕೊನೆ ನುಡಿಯಲ್ಲಿ ಪದ ಕಟ್ಟಿದವರ ಹೆಸರು ಬರಬೇಕು, ಅದೇ ಅಂಕಿತ ಎಂದು ಕಲಿಸಿದವಳು ನೀನು. ಎಲ್ಲ ಪದಕ್ಕೂ ನೀನು ಒಂದೇ ಕೊನೆ ನುಡಿ ಮಾಡಿದ್ದೆ.

ಬಿಸಿನೀರಿನಾಗೆ ಎಳೆಯ ಹುಡುಕಿ
ಬೆರಳು ಸೊಟ್ಟಾದೋಳು,
ರಾಮನಗರದ ರತ್ನಿ ಕರೆದರೆ
ಓಗೊಡೊ ನನ್ನ ಸ್ವಾಮಿ.

ಇದನ್ನು ನಾನು ಮೊದಲ ಹಾಳೆಯಲ್ಲಿ ಮಾತ್ರ ಬರೆದೆ. ಉಳಿದ ಮೂವತ್ತರ ಕೆಳಗೆ 'ಕೊನೆ ನುಡಿ ಅದೇ' ಎಂದು ಗೀಚಿದೆ. ಸೋಮಾರಿತನ. ನಿನಗೂ ಹೇಳಲಿಲ್ಲ. ಆಮೇಲೆ ಭಜನೆ ಮೇಳದ ನಿಂಗಪ್ಪಣ್ಣ, ನೀಟಾಗಿ ಬರೆಸಿಕೊಡುತ್ತೇನೆ ಎಂದು ಆ ನೋಟ್ ಪುಸ್ತಕ ಕೇಳಿದಾಗ ನೀನು ನಗುನಗುತ್ತಾ ಕೊಟ್ಟೆ. "ವಾಪಸ್ ಇಸ್ಕೊಳಕ್ಕ" ಎಂದರೆ, "ಬುಡು ಮಗ, ದ್ಯಾವ್ರ ಪದ ತಾನೇ, ಎಲ್ಲಿಗೆ ಓಯ್ತದೆ?" ಎಂದೆ. ಎಲ್ಲಿಗೆ ಹೋಯಿತು ಹೇಳಲಾ?

ನಿನ್ನ ಹನ್ನೊಂದನೇ ದಿನ ಮೇಳದವರು ನಿಮ್ಮ ಮನೆ ಮುಂದೆಯೇ ಕೂತು ಹಾಡಿದರು. ನಿನ್ನದೇ ಪದ. ನೀನು ನನ್ನ ಕೈಲಿ ನಾಲ್ಕು ಸಲ ಹೊಡೆದು ಹಾಕಿಸಿ ತಿದ್ದಿಸಿದ ಪದ. ಕೊನೆ ನುಡಿಗೆ ಬಂದಾಗ ನಿಂಗಪ್ಪಣ್ಣ ಕಣ್ಣು ಮುಚ್ಚಿ, ತಾಳ ಎತ್ತಿ, 'ದಾಸ ನಿಂಗಪ್ಪನ ಸಲಹೋ ಸ್ವಾಮಿ' ಎಂದ. ನಿನ್ನ ಫೋಟೋದ ಮುಂದೆ! ನಿನ್ನ ಅವ್ವ ಕೈ ಮುಗಿದು ಕೂತಿದ್ದಳು. ನಾನು... ನಾನೂ ತಲೆ ತಗ್ಗಿಸಿ ಕೂತಿದ್ದೆ ಅಕ್ಕ.

ಮೂರು ದಿನ ಬಿಟ್ಟು ಅವನ ಮನೆ ಬಾಗಿಲಿಗೆ ಹೋದೆ.

"ಮೊದಲ್ನೇ ಹಾಳೆ ಕಿತ್ತೋಗಿತ್ತು ಕಣಮ್ಮ. ಅಂಕಿತ ಇಲ್ದೆ ಪದ ಹಾಡಕ್ಕಾಯ್ತದಾ? ಅದ್ಕೇ ನಂದು ಹಾಕ್ದೆ" ಎಂದ.

"ಕೆಳಗಡೆ 'ಅದೇ' ಅಂತ ಬರ್ದಿತ್ತಲ್ಲಣ್ಣ?"

"ಅದೇ ಅಂದ್ರೆ ಯಾವ್ದು? ನೀನು ಬರೆಯೋ ಕೋಳಿ ಕಾಲ್ನ ಯಾರ್ ಓದಾರು?"

ಒಳಗಿದ್ದವರೆಲ್ಲ ನಕ್ಕರು. ನಾನು ಪುಸ್ತಕ ಕಿತ್ತುಕೊಂಡು ಬಂದೆ. ಅವನು ಹೇಳಿದ್ದು ಅರ್ಧ ಸುಳ್ಳು, ಪದ ನಿನ್ನದೆಂದು ಅವನಿಗೆ ಗೊತ್ತಿತ್ತು. ಉಳಿದರ್ಧ ನನ್ನ ತಪ್ಪು, ಅದೇ ನುಂಗಲಾಗುತ್ತಿಲ್ಲ. ನೀನಿದ್ದಿದ್ದರೆ ಇದಕ್ಕೂ ನಗುತ್ತಿದ್ದೆ. ಯಾಕೆ ಅಷ್ಟು ಒಳ್ಳೆಯವಳಾದೆ? ಒಂದು ಸಲವಾದರೂ ಸಿಟ್ಟು ಮಾಡಿಕೊಂಡಿದ್ದರೆ...

ನೀನು ಕೇಳದ ಸುದ್ದಿ ಒಂದಿದೆ. ಮೊನ್ನೆ ಶನಿವಾರ ಭಜನೆಗೆ ಹೋಗಿದ್ದೆ. ಅಲ್ಲೂ ನಿನ್ನದೇ ಪದ. ಜನರ ಮುಂದೆ ನನ್ನ ಹೆಸರು ಹೇಳಲೂ ಬಾಯಿ ಬಾರದವಳು, ನಿಂಗಪ್ಪಣ್ಣ ಕೊನೆ ನುಡಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ 'ಬಿಸಿನೀರಿನಾಗೆ' ಎಂದು ಎತ್ತಿದೆ. ಧ್ವನಿ ಒಡೆಯಿತು. ನಿಂಗಪ್ಪಣ್ಣನ ತಾಳ ನಿಂತಿತು. ಎರಡನೇ ಸಾಲಿಗೆ ನಮ್ಮ ಶೆಡ್ಡಿನ ಹೆಂಗಸರು ಸೇರಿಕೊಂಡರು. ನಿನ್ನ ಬಾಯಲ್ಲಿ ದಿನಾ ಕೇಳಿದವರಲ್ಲವೇ, ಅವರಿಗೆ ಪುಸ್ತಕ ಯಾಕೆ ಬೇಕು? ನಿಂಗಪ್ಪಣ್ಣ ಎದ್ದು ಹೊರಗೆ ಹೋದ. ಹೋಗಲಿ.

ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ನಿನ್ನ ಮೇಲಂತೂ ಇಳಿದಿಲ್ಲ.

ಇವತ್ತು ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಪುಸ್ತಕ ಬಿಚ್ಚಿ, 'ಕೊನೆ ನುಡಿ ಅದೇ' ಎಂದಿದ್ದ ಕಡೆಯೆಲ್ಲ ಹೊಡೆದು ಹಾಕಿ, ನಾಲ್ಕೂ ಸಾಲು ಪೂರ್ತಿ ಬರೆಯತೊಡಗಿದೆ. ಹನ್ನೆರಡು ಪದಕ್ಕೆ ಬರೆಯುವಷ್ಟರಲ್ಲಿ ಸೈರನ್ ಕೂಗಿತು. ಹನ್ನೆರಡು ಕಡೆಯೂ ನಿನ್ನ ಹೆಸರನ್ನು ದಪ್ಪಗೆ, ಯಾರಾದರೂ ಓದುವ ಹಾಗೆ ಬರೆದಿದ್ದೇನೆ.

ಭಾಗ್ಯ