ಎರಡನೇ ಆಂಪ್

ಜನವರಿ ೧೭, ಶುಕ್ರವಾರ. ಅಜೀಜಿಯಾ.

ಬೆಳಿಗ್ಗೆ ಹೇಳಿದ ಸುಳ್ಳು ಈಗ ನನ್ನನ್ನೇ ಕುಟುಕುತ್ತಿದೆ.

ಟಿವಿ ಪಕ್ಕದ ಸ್ಪೀಕರುಗಳಿಗೆ ಸದ್ದು ಏರಿಸುವ ಆಂಪ್ಲಿಫೈಯರ್ ಒಂದು ಸಾಕೋ, ಸಣ್ಣ ಸ್ವರಕ್ಕೊಂದು ದಪ್ಪ ಸ್ವರಕ್ಕೊಂದು ಅಂತ ಎರಡು ಬೇಕೋ, ತಿಂಗಳಿಂದ ಇವರಿಗೆ ಇದೇ ಚಿಂತೆ. ಇವರ ತಮ್ಮ ಸರ್ಫರಾಝ್ ಪರೀಕ್ಷೆಗೆಂದು ಎರಡನೇ ಆಂಪ್ ಕೊಟ್ಟಿದ್ದಾನೆ. ಆದರೆ ಇವರ ಕಿವಿಗೆ ಸಣ್ಣ ಸ್ವರ ಬೀಳುವುದೇ ಇಲ್ಲ, ಡಾಕ್ಟರೇ ಹೇಳಿದ್ದಾರೆ. ಹಾಗಾಗಿ ನನ್ನನ್ನು ಕೂರಿಸಿದರು. ಹೋದ ವಾರ ನೆಂಟರೆದುರು "ಇವಳಿಗೆ ಸ್ಪೀಕರೂ ಒಂದೇ, ಕುಕ್ಕರೂ ಒಂದೇ" ಎಂದು ನಗಿಸಿದವರು.

ನನಗಿಷ್ಟವೆಂದು ಕುರ್‌ಆನ್ ಪಾರಾಯಣ ಹಾಕಿದರು, ಮೊದಲು ಒಂದು ಆಂಪಿನಲ್ಲಿ, ಆಮೇಲೆ ಎರಡರಲ್ಲಿ. ಎರಡು ಆಂಪಿನಲ್ಲಿ ಓದುವವರು ಉಸಿರೆಳೆದದ್ದೂ ಕೇಳಿಸಿತು. ಮೈ ಜುಮ್ಮೆಂದಿತು.

"ಹೇಗುಂಟು ಹವ್ವಾ?"

"ಎಂತ ವ್ಯತ್ಯಾಸವೂ ಇಲ್ಲ."

ಇವರ ಮುಖ ಇಳಿಯಿತು. "ಖಲಾಸ್. ನೀನು ಸುಳ್ಳು ಹೇಳುವವಳಲ್ಲ" ಎಂದು ವಯರು ಬಿಚ್ಚಲು ಬಗ್ಗಿದರು. ಆ ಬೆನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಸಂಜೆ ನೋಡಿದರೆ ಫೋನಿನಲ್ಲಿ ಸರ್ಫರಾಝಿಗೆ ನಗುತ್ತಾ ಹೇಳುತ್ತಿದ್ದಾರೆ: "ಹವ್ವಾಳಿಗೂ ಕೇಳಿಸಲಿಲ್ಲ ಮಾರಾಯ! ಡಾಕ್ಟರಿಗೆ ಮರ್ಲು. ನನ್ನ ಕಿವಿ ಸರಿಯೇ ಉಂಟು."

ರಾತ್ರಿ ಎರಡು ತುತ್ತು ಹೆಚ್ಚೇ ಉಂಡರು.

ಇಶಾ ನಮಾಜ್ ಮುಗಿಸಿ ಅಲ್ಲಾಹನಲ್ಲಿ ಕ್ಷಮೆ ಕೇಳಿದೆ. ನಾಳೆ ಬೆಳಗಿನ ಫಜ್ರ್ ನಮಾಜ್ ಆದ ಕೂಡಲೇ ಇವರಿಗೆ ನಿಜ ಹೇಳಿಬಿಡುತ್ತೇನೆ, ಆ ಉಸಿರಿನ ಸದ್ದನ್ನೂ ಬಿಡದೆ. ನಿಜ ಹೇಳುವುದು ಪುಣ್ಯದ ಕೆಲಸ. ಇವರ ಮುಖ ಇನ್ನೊಂದು ಸಲ ಇಳಿಯುವುದನ್ನು ನೋಡಿದ ಹಾಗೂ ಆಯಿತು.